ಆಭರಣದ ತಗಡು ಕೊಯ್ಯಲು ಸ್ಕ್ರೋಲ್ ಸಾ: ಆಯ್ಕೆಯಿಂದ ಮೊದಲ ಕೊಯ್ತದವರೆಗೆ

ಆಭರಣ ಮಾಡುವುದನ್ನು ಕಲಿತು ಕೈ ಗರಗಸದಲ್ಲಿ ಸ್ವಲ್ಪ ಪಳಗಿದವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಮರದ ಕುಸುರಿ ಕೆಲಸಕ್ಕೆಂದು ಮಾರುವ ಸ್ಕ್ರೋಲ್ ಸಾ ಯಂತ್ರದಲ್ಲಿ ತಾಮ್ರ, ಹಿತ್ತಾಳೆ, ಬೆಳ್ಳಿಯ ತಗಡನ್ನು ಕೊಯ್ಯಬಹುದೇ, ಕೊಯ್ಯಬಹುದಾದರೆ ಎಂಥ ಯಂತ್ರ ಕೊಳ್ಳಬೇಕು? ಕೊಯ್ಯಬಹುದು. ಆದರೆ ಮರಕ್ಕೆ ಒಳ್ಳೆಯದೆಂದು ಹೆಸರು ಪಡೆದ ಯಂತ್ರವೆಲ್ಲ ಲೋಹಕ್ಕೆ ಹೊಂದುವುದಿಲ್ಲ. ಮಾರಾಟದ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿರುವ ಮೋಟಾರಿನ ಶಕ್ತಿ ಮತ್ತು ಗರಿಷ್ಠ ವೇಗ ನಮ್ಮ ಕೆಲಸಕ್ಕೆ ಬಹುಮಟ್ಟಿಗೆ ಸಂಬಂಧಪಡದ ಸಂಗತಿಗಳು. ಯಂತ್ರ ಎಷ್ಟು ನಿಧಾನವಾಗಿ ಓಡಬಲ್ಲದು, ಕೂದಲಿನಷ್ಟು ಸಣ್ಣ ಬ್ಲೇಡನ್ನು ಜಾರದಂತೆ ಹಿಡಿಯಬಲ್ಲದೇ, ಓಡುವಾಗ ಅದುರದೆ ನಿಲ್ಲುತ್ತದೆಯೇ ಎಂಬ ಮೂರು ಪ್ರಶ್ನೆಗಳೇ ಆಯ್ಕೆಯನ್ನು ನಿರ್ಧರಿಸಬೇಕು.

ಮುಂದೆ ಮತ್ತೆ ಮತ್ತೆ ಬರುವ ಕೆಲವು ಪದಗಳನ್ನು ಮೊದಲೇ ಬಿಡಿಸಿಡುತ್ತೇನೆ. ಸ್ಕ್ರೋಲ್ ಸಾ ಎಂದರೆ ಮೇಲೊಂದು ಕೆಳಗೊಂದು ತೋಳಿನ ನಡುವೆ ನೇರವಾಗಿ ಬಿಗಿದ ಸಣ್ಣ ಬ್ಲೇಡನ್ನು ಮೋಟಾರು ಮೇಲೆ ಕೆಳಗೆ ಆಡಿಸುವ ಯಂತ್ರ. ಬ್ಲೇಡು ತನ್ನ ಜಾಗದಲ್ಲೇ ಆಡುತ್ತದೆ, ತಗಡನ್ನು ನಾವು ತಿರುಗಿಸುತ್ತ ಮುಂದೂಡುತ್ತೇವೆ. ಬ್ಲೇಡು ಒಮ್ಮೆ ಕೆಳಗಿಳಿದು ಮೇಲೆ ಬರುವುದಕ್ಕೆ ಒಂದು ಸ್ಟ್ರೋಕ್ ಎನ್ನುತ್ತಾರೆ, ಯಂತ್ರದ ವೇಗವನ್ನು ನಿಮಿಷಕ್ಕೆ ಇಷ್ಟು ಸ್ಟ್ರೋಕ್ ಎಂದು ಹೇಳುತ್ತಾರೆ. ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಂತರ ಥ್ರೋಟ್. ಬ್ಲೇಡಿನ ಎರಡು ತುದಿಗಳನ್ನು ಕಚ್ಚಿ ಹಿಡಿಯುವ ಭಾಗ ಕ್ಲ್ಯಾಂಪ್. ಗೇಜ್ ಎಂಬುದು ತಗಡಿನ ದಪ್ಪವನ್ನು ಸೂಚಿಸುವ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ.

ಹಂತ 1: ಯಂತ್ರ ಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿ

ಒಂದು ತಿಂಗಳಲ್ಲಿ ನೀವು ಕೊಯ್ಯುವ ತಗಡುಗಳ ಲೋಹ, ದಪ್ಪ, ಅಳತೆ ಮತ್ತು ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ವಿನ್ಯಾಸದ ಹತ್ತಾರು ಓಲೆ ಅಥವಾ ಪದಕಗಳನ್ನು ಮಾಡುವವರಿಗೆ, 0.8 ಮಿ.ಮೀ.ಗಿಂತ ದಪ್ಪದ ತಗಡಿನಲ್ಲಿ ಉದ್ದನೆಯ ಕೊಯ್ತ ಹೆಚ್ಚಾಗಿರುವವರಿಗೆ, ಕೈ ಗರಗಸದಿಂದ ಮಣಿಕಟ್ಟು ಅಥವಾ ಭುಜ ನೋಯುವವರಿಗೆ ಯಂತ್ರ ನಿಜವಾಗಿಯೂ ನೆರವಾಗುತ್ತದೆ. ಒಂದೊಂದು ತುಣುಕನ್ನೂ ಬೇರೆ ಬೇರೆಯಾಗಿ ಮಾಡುವವರಿಗೆ, 0.4 ಮಿ.ಮೀ.ಗಿಂತ ತೆಳುವಾದ ತಗಡು ಬಳಸುವವರಿಗೆ, ಒಳಗಿನ ಕಂಡಿಗಳೇ ಹೆಚ್ಚಾಗಿರುವ ಬಲೆಯಂಥ ವಿನ್ಯಾಸ ಮಾಡುವವರಿಗೆ ಕೈ ಗರಗಸವೇ ವೇಗವಾದದ್ದು ಮತ್ತು ನಿಖರವಾದದ್ದು. ಪ್ರತಿ ಕಂಡಿಗೂ ಬ್ಲೇಡನ್ನು ಒಂದು ಕಡೆ ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿಯುವ ಸಮಯವನ್ನು ಲೆಕ್ಕ ಹಾಕಿದರೆ ಇದು ತಾನಾಗಿಯೇ ತಿಳಿಯುತ್ತದೆ.

ಯಾವ ಲೋಹ ಎಂಬುದೂ ಮುಖ್ಯ. ತಾಮ್ರ, ಹಿತ್ತಾಳೆ, ಕಂಚು, ಬೆಳ್ಳಿ, ಚಿನ್ನ, ಜರ್ಮನ್ ಸಿಲ್ವರ್ ಎಂದು ಕರೆಯುವ (ಬೆಳ್ಳಿಯ ಅಂಶವೇ ಇಲ್ಲದ) ತಾಮ್ರ-ನಿಕಲ್-ಸತು ಮಿಶ್ರಲೋಹ ಇವೆಲ್ಲವನ್ನೂ ಕೊಯ್ಯಬಹುದು. ಅಲ್ಯೂಮಿನಿಯಂ ಮೃದುವಾದರೂ ಹಲ್ಲುಗಳ ಸಂದಿಗೆ ಅಂಟಿಕೊಳ್ಳುವುದರಿಂದ ಮೇಣವನ್ನು ಧಾರಾಳವಾಗಿ ಬಳಸಬೇಕು. ಹದ ಹಾಕಿ ಗಟ್ಟಿ ಮಾಡಿದ ಉಕ್ಕು ಈ ಯಂತ್ರದ ಕೆಲಸವಲ್ಲ. ಮೆಗ್ನೀಸಿಯಂ ತಗಡಿನ ಪುಡಿ ಬೆಂಕಿ ಹತ್ತಬಲ್ಲದು, ಬೆರಿಲಿಯಂ ಬೆರೆತ ತಾಮ್ರದ ಧೂಳು ಶ್ವಾಸಕೋಶಕ್ಕೆ ಅತ್ಯಂತ ಹಾನಿಕರ. ಇವೆರಡನ್ನೂ ಯಂತ್ರದ ಹತ್ತಿರಕ್ಕೂ ತರಬೇಡಿ. ಗುಜರಿಯಿಂದ ತಂದ ಹೆಸರು ಗೊತ್ತಿಲ್ಲದ ತಗಡಿನ ವಿಷಯದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ.

ಹಂತ 2: ಯಂತ್ರಕ್ಕಿಂತ ಮೊದಲು ಬ್ಲೇಡನ್ನು ಗೊತ್ತುಮಾಡಿಕೊಳ್ಳಿ

ಬಹಳ ಜನ ಯಂತ್ರವನ್ನು ಕೊಂಡು ತಂದು, ಆಮೇಲೆ ಅದಕ್ಕೆ ಯಾವ ಬ್ಲೇಡು ಸಿಗುತ್ತದೆ ಎಂದು ಹುಡುಕುತ್ತಾರೆ. ನೀವು ಅದನ್ನು ತಿರುಗಿಸಿ ಮಾಡಿ: ಯಾವ ಬ್ಲೇಡು ಬೇಕು ಎಂದು ತೀರ್ಮಾನಿಸಿ, ಅದನ್ನು ಹಿಡಿಯುವ ಯಂತ್ರವನ್ನು ಹುಡುಕಿ.

ಸ್ಕ್ರೋಲ್ ಸಾ ಬ್ಲೇಡುಗಳಲ್ಲಿ ಎರಡು ಜಾತಿ. ಒಂದರ ತುದಿಗಳಲ್ಲಿ ಅಡ್ಡಲಾಗಿ ಸಣ್ಣ ಪಿನ್ ಇರುತ್ತದೆ, ಅದನ್ನು ಕೊಕ್ಕೆಗೆ ಸಿಕ್ಕಿಸಿದರೆ ಸಾಕು. ಇನ್ನೊಂದರ ತುದಿ ಬೋಳಾಗಿರುತ್ತದೆ, ಅದನ್ನು ಸ್ಕ್ರೂವಿನಿಂದ ಬಿಗಿದು ಹಿಡಿಯಬೇಕು. ಪಿನ್ ಇರುವ ಬ್ಲೇಡುಗಳು ಅಗಲವಾಗಿಯೂ ದೊಡ್ಡ ಹಲ್ಲಿನವಾಗಿಯೂ ಇರುತ್ತವೆ. ಆ ಪಿನ್ ತೂರಬೇಕಾದರೆ ಒಳಗಂಡಿಗೆ ಸುಮಾರು 5 ರಿಂದ 6 ಮಿ.ಮೀ. ತೂತು ಕೊರೆಯಬೇಕಾಗುತ್ತದೆ. ಪದಕದಲ್ಲಿ ಅಷ್ಟು ದೊಡ್ಡ ತೂತಿಗೆ ಜಾಗವೆಲ್ಲಿ? ಆದ್ದರಿಂದ ಪಿನ್ ಬ್ಲೇಡನ್ನು ಮಾತ್ರ ಹಿಡಿಯುವ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಆಭರಣದ ಕೆಲಸಕ್ಕೆ ಅದನ್ನು ಕೊಳ್ಳಬೇಡಿ. ಈ ಒಂದು ತಪ್ಪನ್ನು ತಪ್ಪಿಸಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಅನುಕೂಲದ ಸಂಗತಿಯೆಂದರೆ, ಅಕ್ಕಸಾಲಿಗರ ಕೈ ಗರಗಸದ ಬ್ಲೇಡಿನ ಉದ್ದ 130 ಮಿ.ಮೀ., ಸ್ಕ್ರೋಲ್ ಸಾ ಬ್ಲೇಡಿನ ಉದ್ದ 5 ಇಂಚು, ಅಂದರೆ 127 ಮಿ.ಮೀ.; ಎರಡೂ ಹೆಚ್ಚುಕಡಿಮೆ ಒಂದೇ. ಬೋಳು ತುದಿಯ ಬ್ಲೇಡು ಹಿಡಿಯುವ ಯಂತ್ರದಲ್ಲಿ ನೀವು ಈಗಾಗಲೇ ಬಳಸುತ್ತಿರುವ ಬ್ಲೇಡುಗಳನ್ನೇ ಹಾಕಬಹುದು. ಇವು ಲೋಹಕ್ಕೆಂದೇ ಗಟ್ಟಿ ಮಾಡಿದ ಉಕ್ಕಿನವು, ಬೆನ್ನು ದುಂಡಾಗಿರುವುದರಿಂದ ಇಕ್ಕಟ್ಟಾದ ತಿರುವಿನಲ್ಲೂ ಸುಲಭವಾಗಿ ಹೊರಳುತ್ತವೆ. ಯಂತ್ರದ ಜೊತೆಗೆ ಬರುವ ಮರದ ಬ್ಲೇಡುಗಳನ್ನು, ಅದರಲ್ಲೂ ಕೆಳತುದಿಯ ಹಲ್ಲುಗಳು ಮೇಲ್ಮುಖವಾಗಿರುವವನ್ನು ಮತ್ತು ಹುರಿಯಂತೆ ತಿರುಚಿದ ಸುರುಳಿ ಬ್ಲೇಡುಗಳನ್ನು ಪಕ್ಕಕ್ಕಿಡಿ. ಮೊದಲನೆಯದು ತಗಡನ್ನು ಮೇಲಕ್ಕೆತ್ತುತ್ತದೆ, ಎರಡನೆಯದು ಬಿಟ್ಟುಹೋಗುವ ಅಂಚನ್ನು ಅರದಿಂದ ಉಜ್ಜಿ ಸರಿಪಡಿಸುವುದೇ ಒಂದು ದೊಡ್ಡ ಕೆಲಸವಾಗುತ್ತದೆ.

ಬ್ಲೇಡಿನ ಸಂಖ್ಯೆಯನ್ನು ಓದುವ ಕ್ರಮ ಹೀಗಿದೆ. 8/0 ಅತ್ಯಂತ ಸಣ್ಣದು. 6/0, 4/0, 2/0, 1/0 ಎಂದು ಬರುತ್ತ ದಪ್ಪವಾಗುತ್ತದೆ. ಆಮೇಲೆ 1, 2, 3 ಎಂದು ಮೇಲೇರುತ್ತದೆ. 4/0 ಬ್ಲೇಡಿನ ದಪ್ಪ 0.22 ಮಿ.ಮೀ., ಇಂಚಿಗೆ ಸುಮಾರು 66 ಹಲ್ಲು. 2/0 ಬ್ಲೇಡಿನ ದಪ್ಪ 0.26 ಮಿ.ಮೀ., ಅಗಲ 0.52 ಮಿ.ಮೀ., ಇಂಚಿಗೆ ಸುಮಾರು 56 ಹಲ್ಲು. 1 ನೇ ನಂಬರಿನದು 0.30 ಮಿ.ಮೀ. ದಪ್ಪ, ಸುಮಾರು 51 ಹಲ್ಲು. ಕೈ ಕೆಲಸದಲ್ಲಿ 0.64 ಮಿ.ಮೀ. ತಗಡಿಗೆ 4/0, 0.8 ಮಿ.ಮೀ.ಗೆ 2/0, 1 ಮಿ.ಮೀ.ಗೆ 1 ನೇ ನಂಬರು ಎಂಬುದು ರೂಢಿ. ಯಂತ್ರದಲ್ಲಿ 4/0 ಕ್ಕಿಂತ ಸಣ್ಣ ಬ್ಲೇಡು ಹಾಕಿದರೆ ಅದು ಕೊಯ್ಯುವುದಕ್ಕಿಂತ ಮುರಿಯುವುದೇ ಹೆಚ್ಚು. ಮೊದಲ ತಿಂಗಳು 2/0 ಮತ್ತು 1 ನೇ ನಂಬರುಗಳಲ್ಲೇ ಕೈ ಕೂರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ತಗಡು ಕೊಳ್ಳುವಾಗ ಗೇಜ್ ಬದಲು ಮಿ.ಮೀ. ಲೆಕ್ಕದಲ್ಲೇ ಕೇಳಿ. ಗೇಜ್ ಪಟ್ಟಿಗಳು ಒಂದಕ್ಕಿಂತ ಹೆಚ್ಚು ಇವೆ: 20 ಗೇಜ್ ಎಂದರೆ ಅಮೆರಿಕನ್ ಪಟ್ಟಿಯಲ್ಲಿ 0.81 ಮಿ.ಮೀ., ಬ್ರಿಟಿಷ್ ಪಟ್ಟಿಯಲ್ಲಿ 0.91 ಮಿ.ಮೀ. ಇಷ್ಟು ವ್ಯತ್ಯಾಸಕ್ಕೇ ಬ್ಲೇಡಿನ ಆಯ್ಕೆ ಬದಲಾಗಬಹುದು.

ಇನ್ನು ಹಲ್ಲಿನ ಲೆಕ್ಕ. ಯಾವ ಕ್ಷಣದಲ್ಲೂ ತಗಡಿನ ದಪ್ಪದೊಳಗೆ ಕನಿಷ್ಠ ಎರಡು ಹಲ್ಲು, ಸಾಧ್ಯವಾದರೆ ಮೂರು ಹಲ್ಲು ಇರಬೇಕು. ಇಲ್ಲದಿದ್ದರೆ ತಗಡಿನ ಅಂಚು ಎರಡು ಹಲ್ಲುಗಳ ನಡುವಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಕೊಯ್ಯುವಾಗ ಹಾಗೆ ಸಿಕ್ಕಿಕೊಂಡರೆ ಬೆರಳಿಗೆ ತಕ್ಷಣ ತಿಳಿಯುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ಯಂತ್ರಕ್ಕೆ ಆ ಅರಿವಿಲ್ಲ, ಅದು ತಗಡನ್ನು ಎತ್ತಿ ಮೇಜಿಗೆ ಬಡಿಯುತ್ತದೆ ಅಥವಾ ಬ್ಲೇಡನ್ನು ಮುರಿಯುತ್ತದೆ. 2/0 ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 0.45 ಮಿ.ಮೀ. ಅಂತರ. 0.5 ಮಿ.ಮೀ. ತಗಡೊಂದನ್ನೇ ಇಟ್ಟರೆ ಒಂದೇ ಹಲ್ಲು ಕಚ್ಚುತ್ತದೆ. ಅಂಥ ಮೂರು ತಗಡುಗಳನ್ನು ಎರಡೂ ಬದಿ ಅಂಟುವ ಟೇಪಿನಿಂದ ಒಂದರ ಮೇಲೊಂದು ಅಂಟಿಸಿದರೆ ದಪ್ಪ 1.5 ಮಿ.ಮೀ. ಆಗಿ, ಮೂರು ಹಲ್ಲು ಒಳಗಿರುತ್ತವೆ, ಒಂದೇ ಕೊಯ್ತಕ್ಕೆ ಮೂರು ತುಣುಕು ಸಿಗುತ್ತವೆ. ಕೈ ಗರಗಸಕ್ಕಿಂತ ಯಂತ್ರ ಮೇಲುಗೈ ಪಡೆಯುವುದು ಇಲ್ಲಿಯೇ. ಒಂದೇ ತಗಡಿದ್ದರೆ ಅದನ್ನು 3 ಮಿ.ಮೀ. ಪ್ಲೈವುಡ್ ಮೇಲೆ ಅಂಟಿಸಿ ಕೊಯ್ಯಿರಿ.

ಹಂತ 3: ಕ್ಲ್ಯಾಂಪನ್ನು ಕಣ್ಣಾರೆ ನೋಡಿ, ಕೈಯಾರೆ ಬಿಗಿದು ನೋಡಿ

ಇಡೀ ಯಂತ್ರದಲ್ಲಿ ಒಂದೇ ಭಾಗವನ್ನು ಪರೀಕ್ಷಿಸಲು ಅವಕಾಶವಿದೆ ಎಂದಾದರೆ ನಾನು ಪರೀಕ್ಷಿಸುವುದು ಕ್ಲ್ಯಾಂಪನ್ನೇ. ಮರದ ಬ್ಲೇಡಿಗಿಂತ ಅರ್ಧದಷ್ಟೇ ದಪ್ಪವಿರುವ ನಮ್ಮ ಬ್ಲೇಡನ್ನು ಎಷ್ಟೋ ಯಂತ್ರಗಳ ಕ್ಲ್ಯಾಂಪ್ ಹಿಡಿದಂತೆ ತೋರಿದರೂ, ಬಿಗಿ ಏರಿಸಿದ ಕೂಡಲೇ ಜಾರಿಬಿಡುತ್ತದೆ. ಕಾರಣ ಸರಳ: ಕ್ಲ್ಯಾಂಪಿನ ಎರಡು ಮುಖಗಳು ಪೂರ್ತಿ ಸಮತಟ್ಟಾಗಿ ಒಂದನ್ನೊಂದು ಮುಟ್ಟದಿದ್ದರೆ, ನಡುವೆ ಬ್ಲೇಡಿನ ದಪ್ಪದಷ್ಟು ಸಂದಿ ಉಳಿದರೂ ಸಾಕು, ನಮ್ಮ ಬ್ಲೇಡು ಅದರಲ್ಲಿ ಸಡಿಲವಾಗಿಯೇ ಇರುತ್ತದೆ.

ನೋಡಲು ಹೋಗುವಾಗ 2/0 ಬ್ಲೇಡುಗಳನ್ನು ಜೊತೆಗೆ ಒಯ್ಯಿರಿ. ಬ್ಲೇಡಿಲ್ಲದೆ ಕ್ಲ್ಯಾಂಪನ್ನು ಮುಚ್ಚಿ, ಹಿಂದಿನಿಂದ ಬೆಳಕು ಬಿಟ್ಟು ನೋಡಿ; ಮುಖಗಳ ನಡುವೆ ಬೆಳಕು ತೂರಿ ಬಂದರೆ ಅದು ನಮಗೆ ಆಗದು. ಆಮೇಲೆ ಬ್ಲೇಡು ಹಾಕಿ, ಪೂರ್ತಿ ಬಿಗಿದು, ಅದರ ನಡುವನ್ನು ವೀಣೆಯ ತಂತಿಯಂತೆ ಬೆರಳಿನಿಂದ ಮೀಟಿ. ತೀಕ್ಷ್ಣವಾದ, ಎತ್ತರದ ನಾದ ಬರಬೇಕು. ಯಂತ್ರವನ್ನು ಒಂದು ನಿಮಿಷ ಓಡಿಸಿ ಮತ್ತೆ ಮೀಟಿ. ಶ್ರುತಿ ಇಳಿದಿದ್ದರೆ ಬ್ಲೇಡು ಜಾರಿದೆ ಎಂದೇ ಅರ್ಥ.

ಜಾರಿದ ಮಾತ್ರಕ್ಕೆ ಯಂತ್ರವನ್ನು ತಳ್ಳಿಹಾಕಬೇಡಿ. ಬ್ಲೇಡುಗಳಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಎಣ್ಣೆಯಿರುವ ತುದಿಯನ್ನು ಯಾವ ಕ್ಲ್ಯಾಂಪೂ ಹಿಡಿಯಲಾರದು. ತುದಿಯ 10 ಮಿ.ಮೀ. ಭಾಗವನ್ನು ಬಟ್ಟೆಯಿಂದ ಒರೆಸಿ, ಮಡಿಚಿದ ನಯವಾದ ಎಮರಿ ಕಾಗದದ ನಡುವೆ ಇಟ್ಟು ಎರಡು ಬಾರಿ ಎಳೆಯಿರಿ. ಹೊಳಪು ಹೋಗಿ ಬೂದು ಬಣ್ಣ ಬಂದ ತುದಿ ಕಚ್ಚಿಕೊಂಡು ನಿಲ್ಲುತ್ತದೆ. ಇಷ್ಟು ಮಾಡಿದ ಮೇಲೂ ಜಾರುವ ಯಂತ್ರವನ್ನು ಬಿಡಿ. ಕ್ಲ್ಯಾಂಪಿನ ಸ್ಕ್ರೂವನ್ನು ಇಕ್ಕುಳದಿಂದ ತಿರುವಿ ಬಿಗಿಯುವ ಅಭ್ಯಾಸ ಬೆಳೆಸಿಕೊಂಡರೆ ಕೆಲವೇ ತಿಂಗಳಲ್ಲಿ ಅದರ ಮರೆ (ಸ್ಕ್ರೂವಿನ ಸುರುಳಿ ಗೆರೆ) ಕೆಟ್ಟು, ಕ್ಲ್ಯಾಂಪೇ ನಿರುಪಯೋಗಿಯಾಗುತ್ತದೆ.

ಒಳಗಂಡಿಯ ಕೆಲಸ ಹೆಚ್ಚಾಗಿರುವವರು ಉಪಕರಣ ಬೇಡದೆ ಕೈಯಿಂದಲೇ ಬಿಚ್ಚಿ ಬಿಗಿಯುವ ಕ್ಲ್ಯಾಂಪ್, ಮುಂಭಾಗದಲ್ಲೇ ಬಿಗಿಯ ಸನ್ನೆ (ಬ್ಲೇಡಿನ ಬಿಗಿ ಏರಿಳಿಸುವ ಹಿಡಿ) ಇರುವ, ಮೇಲಿನ ತೋಳನ್ನು ಎತ್ತಿ ನಿಲ್ಲಿಸಬಹುದಾದ ಯಂತ್ರವನ್ನು ಆರಿಸಿಕೊಳ್ಳಬೇಕು. ಬಿಗಿಯ ಸನ್ನೆಗಾಗಿ ಪ್ರತಿ ಬಾರಿಯೂ ಯಂತ್ರದ ಹಿಂದಕ್ಕೆ ಕೈ ಚಾಚಬೇಕಾದ ಮಾದರಿಗಳು ಹತ್ತನೆಯ ಕಂಡಿಗೇ ಬೇಸರ ತರಿಸುತ್ತವೆ.

ಹಂತ 4: ಕನಿಷ್ಠ ವೇಗವನ್ನು ಕೇಳಿ

ಸಾಮಾನ್ಯ ಸ್ಕ್ರೋಲ್ ಸಾ ಯಂತ್ರಗಳು ನಿಮಿಷಕ್ಕೆ 400 ರಿಂದ 1,600 ಅಥವಾ 1,800 ಸ್ಟ್ರೋಕ್ ವೇಗದಲ್ಲಿ ಓಡುತ್ತವೆ. ಲೋಹಕ್ಕೆ ಬೇಕಿರುವುದು ಈ ಅಳತೆಯ ಕೆಳತುದಿ: 400 ರಿಂದ 600. ಒಂದು ಸ್ಟ್ರೋಕಿನಲ್ಲಿ ಬ್ಲೇಡು 18 ಮಿ.ಮೀ. ಇಳಿಯುತ್ತದೆಂದು ಇಟ್ಟುಕೊಳ್ಳಿ. 400 ಸ್ಟ್ರೋಕಿನಲ್ಲಿ ಹಲ್ಲುಗಳು ನಿಮಿಷಕ್ಕೆ ಸುಮಾರು 7 ಮೀಟರ್ ಲೋಹವನ್ನು ಉಜ್ಜುತ್ತ ಇಳಿಯುತ್ತವೆ. 1,600 ಸ್ಟ್ರೋಕಿನಲ್ಲಿ ಅದು ಸುಮಾರು 29 ಮೀಟರ್. ಕೈಯಲ್ಲಿ ಕೊಯ್ಯುವಾಗ ಬ್ಲೇಡಿನ ಬಹುತೇಕ ಉದ್ದ ಕೆಲಸ ಮಾಡುವುದರಿಂದ ಶಾಖ ಹಂಚಿಹೋಗುತ್ತದೆ. ಯಂತ್ರದಲ್ಲಿ ಅದೇ 18 ಮಿ.ಮೀ. ತುಂಡು ಎಡೆಬಿಡದೆ ಉಜ್ಜುತ್ತಿರುತ್ತದೆ. ವೇಗ ಏರಿದಂತೆ ಆ ತುಂಡು ಕಾಯುತ್ತದೆ, ಹಲ್ಲು ಮೊಂಡಾಗುತ್ತದೆ, ಮೊಂಡಾದ ಹಲ್ಲು ಇನ್ನಷ್ಟು ಕಾಯಿಸುತ್ತದೆ, ಕೊನೆಗೆ ಬ್ಲೇಡು ಮುರಿಯುತ್ತದೆ.

ಆದ್ದರಿಂದ ವೇಗವನ್ನು ಗುಂಡಿ ತಿರುಗಿಸಿ ಏರಿಳಿಸಬಹುದಾದ ಯಂತ್ರವನ್ನೇ ಕೊಳ್ಳಿ. 900 ಮತ್ತು 1,400 ಎಂಬಂತೆ ಎರಡೇ ವೇಗವಿರುವ ಯಂತ್ರಗಳು ಮರಕ್ಕೆ ಚೆನ್ನಾಗಿ ಹೊಂದುತ್ತವೆ, ತೆಳು ಲೋಹಕ್ಕೆ 900 ಕೂಡ ಹೆಚ್ಚು. ಅತಿ ಕಡಿಮೆ ವೇಗದಲ್ಲಿಟ್ಟು, ನಿಮ್ಮ 1 ಮಿ.ಮೀ. ಹಿತ್ತಾಳೆ ತಗಡನ್ನು ಕೊಯ್ದು ನೋಡಿ; ತಗಡು ತಾಗಿದ ಕೂಡಲೇ ಮೋಟಾರು ಮುಗ್ಗರಿಸಿದರೆ, ಕಾಗದದ ಮೇಲೆ 400 ಎಂದು ಬರೆದಿದ್ದರೂ ಆ ವೇಗ ನಿಮಗೆ ದಕ್ಕುವುದಿಲ್ಲ.

ಎಚ್ಚರಿಕೆ: ಒಂದೇ ವೇಗದ ಯಂತ್ರ ಕೊಂಡು, ಫ್ಯಾನಿನ ರೆಗ್ಯುಲೇಟರ್ ಅಥವಾ ದೀಪದ ಡಿಮ್ಮರ್ ಜೋಡಿಸಿ ನಿಧಾನಗೊಳಿಸೋಣ ಎಂದು ಯೋಚಿಸಬೇಡಿ. ಇಂಥ ಯಂತ್ರಗಳಲ್ಲಿ ಹೆಚ್ಚಾಗಿ ಇರುವ ಇಂಡಕ್ಷನ್ ಮೋಟಾರಿನ ವೇಗ ಹಾಗೆ ಸರಿಯಾಗಿ ಇಳಿಯುವುದಿಲ್ಲ. ಅದು ಶಕ್ತಿ ಕಳೆದುಕೊಂಡು ಕಾಯುತ್ತದೆ, ಸುಟ್ಟುಹೋಗಲೂಬಹುದು.

ಹಂತ 5: ಅದುರುವಿಕೆಯನ್ನು ಅಳೆಯಿರಿ

ಯಂತ್ರ ಅದುರಿದರೆ ಗೆರೆ ಕಣ್ಣಿಗೆ ನಿಲ್ಲುವುದಿಲ್ಲ, ಬ್ಲೇಡಿಗೂ ಪೆಟ್ಟು. ಮೇಜಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ಕಡಿಮೆ ವೇಗದಲ್ಲಿ ಯಂತ್ರ ಓಡಿಸಿ. 400 ರಿಂದ 600 ಸ್ಟ್ರೋಕಿನವರೆಗೆ ನಾಣ್ಯ ಬೀಳದೆ ನಿಂತರೆ ನಮಗೆ ಸಾಕು. ಯಂತ್ರದ ತೂಕ ಇಲ್ಲಿ ದೋಷವಲ್ಲ, ಗುಣ: ಎರಕದ ಕಬ್ಬಿಣದ ಭಾರವಾದ ಯಂತ್ರ ಹಗುರವಾದದ್ದಕ್ಕಿಂತ ಶಾಂತವಾಗಿ ಓಡುತ್ತದೆ.

ತೋಳುಗಳ ರಚನೆಯನ್ನೂ ಗಮನಿಸಿ. ಎರಡು ತೋಳುಗಳೂ ಒಂದೇ ತುಂಡಾಗಿ ಒಂದೇ ಕೀಲಿನ ಮೇಲೆ ತೂಗುವ ಮಾದರಿಯಲ್ಲಿ ಬ್ಲೇಡು ಪ್ರತಿ ಸ್ಟ್ರೋಕಿನಲ್ಲೂ ತುಸು ಮುಂದೆ ಹಿಂದೆ ವಾಲುತ್ತದೆ. ಎರಡು ತೋಳುಗಳು ಬೇರೆ ಬೇರೆ ಕೀಲಿನ ಮೇಲೆ ಸಮಾನಾಂತರವಾಗಿ ಆಡುವ ಮಾದರಿಯಲ್ಲಿ ಬ್ಲೇಡು ಹೆಚ್ಚು ನೇರವಾಗಿ ನಿಲ್ಲುತ್ತದೆ. ಉದ್ದ ತೋಳುಗಳು ಅಲುಗದೆ, ತುದಿಯಲ್ಲಿರುವ ಗಿಡ್ಡ ತೋಳುಗಳಷ್ಟೇ ಆಡುವ ಜೋಡಿಕೊಂಡಿಯ ಮಾದರಿ ಎಲ್ಲಕ್ಕಿಂತ ಕಡಿಮೆ ಅದುರುತ್ತದೆ. ಹೆಸರುಗಳು ನೆನಪಿರದಿದ್ದರೂ ಚಿಂತೆಯಿಲ್ಲ, ಪರೀಕ್ಷೆ ಸುಲಭ. ಪ್ಲಗ್ ತೆಗೆದು, ಮೂಲೆಮಟ್ಟವನ್ನು ಬ್ಲೇಡಿನ ಬೆನ್ನಿಗೆ ತಾಗುವಂತೆ ಮೇಜಿನ ಮೇಲೆ ನಿಲ್ಲಿಸಿ, ಮೋಟಾರಿನ ದಂಡವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಬ್ಲೇಡು ಮಟ್ಟದಿಂದ ಎಷ್ಟು ದೂರ ಸರಿಯುತ್ತದೆ ನೋಡಿ. ಆಮೇಲೆ ಮಟ್ಟವನ್ನು ಪಕ್ಕಕ್ಕೆ ಇಟ್ಟು ಮತ್ತೆ ತಿರುಗಿಸಿ. ಮುಂದೆ ಹಿಂದಿನ ಅಲ್ಪ ಚಲನೆಯನ್ನು ಸಹಿಸಬಹುದು, ಎಡ ಬಲದ ಚಲನೆ ಕಣ್ಣಿಗೆ ಕಂಡರೆ ಆ ಯಂತ್ರ ಬೇಡ. ಎಡ ಬಲಕ್ಕೆ ಆಡುವ ಬ್ಲೇಡು ಕೊಯ್ತವನ್ನು ಅಗಲ ಮಾಡುತ್ತದೆ, ಸಣ್ಣ ಬ್ಲೇಡನ್ನು ಪ್ರತಿ ಸ್ಟ್ರೋಕಿಗೂ ಬಗ್ಗಿಸಿ ಮುರಿಯುತ್ತದೆ.

ಥ್ರೋಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 16 ಇಂಚು, ಅಂದರೆ ಸುಮಾರು 400 ಮಿ.ಮೀ., ಆಭರಣಕ್ಕೆ ಅಗತ್ಯಕ್ಕಿಂತ ಹೆಚ್ಚೇ ಆಯಿತು.

ಹಂತ 6: ಮೇಜು ಮತ್ತು ಒತ್ತಿ ಹಿಡಿಯುವ ಕಾಲು

ಬ್ಲೇಡು ಮೇಲೇರುವಾಗ ತಗಡನ್ನೂ ತನ್ನ ಜೊತೆಗೆ ಎತ್ತಲು ನೋಡುತ್ತದೆ. ಹೊಲಿಗೆ ಯಂತ್ರದ ಪ್ರೆಸರ್ ಫುಟ್ ಬಟ್ಟೆಯನ್ನು ಒತ್ತಿ ಹಿಡಿಯುವಂತೆ ಸ್ಕ್ರೋಲ್ ಸಾ ಯಂತ್ರದಲ್ಲೂ ಒಂದು ಕಾಲು ಇರುತ್ತದೆ. ಮರದ ಕೆಲಸದವರಲ್ಲಿ ಅನೇಕರು ಅಡ್ಡವಾಗುತ್ತದೆಂದು ಅದನ್ನು ಬಿಚ್ಚಿಡುತ್ತಾರೆ, ಹಳೆಯ ಯಂತ್ರಗಳಲ್ಲಿ ಅದು ಕಳೆದೇಹೋಗಿರುತ್ತದೆ. ಲೋಹಕ್ಕೆ ಅದು ಬೇಕು, ಅದರ ಎತ್ತರ ತೆಳು ತಗಡಿನ ಮಟ್ಟಕ್ಕೂ ಇಳಿಯಬೇಕು. ಕೊಳ್ಳುವ ಮುನ್ನ ಇದನ್ನು ಇಳಿಸಿ ನೋಡಿ.

ಮೇಜಿನ ನಡುವೆ ಬ್ಲೇಡಿನ ಸುತ್ತ ಇರುವ ತೂತು ಮರಕ್ಕೆ ಸರಿ, ನಮಗೆ ಬಹಳ ದೊಡ್ಡದು: ಕೆಳಗೆ ಆಸರೆಯಿಲ್ಲದ ತಗಡು ಬಗ್ಗುತ್ತದೆ, ಕೊಯ್ದ ಸಣ್ಣ ತುಣುಕು ಒಳಕ್ಕೆ ಬಿದ್ದುಹೋಗುತ್ತದೆ. ಇದಕ್ಕೆ ಯಂತ್ರವನ್ನು ದೂರಬೇಕಿಲ್ಲ, ಪರಿಹಾರವನ್ನು 8 ನೇ ಹಂತದಲ್ಲಿ ಹೇಳಿದ್ದೇನೆ. ಮೇಜು ಸಮತಟ್ಟಾಗಿದೆಯೇ ಎಂಬುದನ್ನು ಮಾತ್ರ ಅಳತೆಪಟ್ಟಿಯ ಅಂಚನ್ನಿಟ್ಟು ನೋಡಿ.

ಕಾಲಿನಿಂದ ಒತ್ತುವ ಸ್ವಿಚ್ ಜೋಡಿಸಲು ಅನುಕೂಲವಿದ್ದರೆ ಅದಕ್ಕಾಗಿ ಸ್ವಲ್ಪ ಹೆಚ್ಚು ಖರ್ಚು ಮಾಡಿದರೂ ಸಾರ್ಥಕ. ಬ್ಲೇಡು ಸಿಕ್ಕಿಕೊಂಡಾಗ ತಗಡಿನಿಂದ ಕೈ ತೆಗೆಯದೆ ಯಂತ್ರವನ್ನು ನಿಲ್ಲಿಸಬಹುದು.

ಹಂತ 7: ಬಳಸಿದ ಯಂತ್ರವಾದರೆ

ಒಳ್ಳೆಯ ಭಾರೀ ಯಂತ್ರ ಬಳಸಿದ್ದಾದರೂ ಹೊಸ ಹಗುರ ಯಂತ್ರಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೇಲಿನ ತೋಳಿನ ತುದಿ ಹಿಡಿದು ಎಡ ಬಲಕ್ಕೆ ಅಲ್ಲಾಡಿಸಿ. ಲೊಟಗುಟ್ಟಿದರೆ ಕೀಲಿನ ಬೇರಿಂಗ್ ಅಥವಾ ಬುಶ್ ಸವೆದಿದೆ. ಅದರ ಬಿಡಿಭಾಗ ಇಂದಿಗೂ ಸಿಗುತ್ತದೆ ಎಂದು ಖಚಿತಪಡಿಸಿಕೊಳ್ಳದೆ ಮುಂದುವರಿಯಬೇಡಿ. ಕ್ಲ್ಯಾಂಪ್ ಸ್ಕ್ರೂಗಳನ್ನು ಪೂರ್ತಿ ಬಿಚ್ಚಿ ಮರೆ ನೋಡಿ. ಅತಿ ಕಡಿಮೆ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಮೋಟಾರಿನ ಮೇಲೆ ಕೈಯಿಟ್ಟು ನೋಡಿ. ಕೈಯಿಡಲಾರದಷ್ಟು ಬಿಸಿಯಾದರೆ ಬಿಟ್ಟುಬಿಡಿ.

ಹಂತ 8: ಲೋಹಕ್ಕೆ ಸಜ್ಜುಗೊಳಿಸುವುದು

ಯಂತ್ರವನ್ನು ಅಲುಗದ ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿ, ನಡುವೆ ರಬ್ಬರ್ ಹಾಸು ಇಡಿ. ಪ್ಲಗ್ಗಿಗೆ ಅರ್ಥಿಂಗ್ ಇರಲೇಬೇಕು, ಏಕೆಂದರೆ ಲೋಹದ ಪುಡಿ ವಿದ್ಯುತ್ ಹರಿಸುತ್ತದೆ. ಸ್ವಿಚ್ಚು ಮತ್ತು ಮೋಟಾರಿನ ಗಾಳಿಗಂಡಿಗಳ ಮೇಲೆ ಪುಡಿ ಕೂರದಂತೆ ಆಗಾಗ ಕುಂಚದಿಂದ ಗುಡಿಸಿ.

ನಂತರ ಮೇಜಿನ ಮೇಲೆ ಇನ್ನೊಂದು ಮೇಜು ಮಾಡಿ. 18 ರಿಂದ 20 ಮಿ.ಮೀ. ದಪ್ಪದ ಸಮತಟ್ಟಾದ ಹಲಗೆ ತೆಗೆದುಕೊಂಡು, ಬ್ಲೇಡು ಬರುವ ಜಾಗದಲ್ಲಿ 3 ಮಿ.ಮೀ. ತೂತು ಕೊರೆಯಿರಿ, ಅದರ ಮೇಲೆ 3 ಮಿ.ಮೀ. ಪ್ಲೈವುಡ್ ಅಥವಾ ಅಕ್ರಿಲಿಕ್ ತುಂಡನ್ನು ಅಂಟಿಸಿ, ಅದರಲ್ಲಿ ಬ್ಲೇಡು ಮಾತ್ರ ಹಿಡಿಸುವ 1 ಮಿ.ಮೀ. ತೂತು ಮಾಡಿ. ಸಣ್ಣ ತೂತಿನಿಂದ ತಗಡಿಗೆ ಬ್ಲೇಡಿನ ಪಕ್ಕದವರೆಗೂ ಆಸರೆ ಸಿಗುತ್ತದೆ. ಹಲಗೆಯ ದಪ್ಪದಲ್ಲಿ ಇನ್ನೊಂದು ಲಾಭವಿದೆ. ಬರಿಯ ಮೇಜಿನ ಮೇಲೆ ಕೊಯ್ಯುವಾಗ ಬ್ಲೇಡಿನ ಒಂದು 18 ಮಿ.ಮೀ. ತುಂಡಷ್ಟೇ ಸವೆಯುತ್ತದೆ, ಅದು ಮೊಂಡಾದಾಗ ಹಲಗೆ ಇಟ್ಟರೆ ತಗಡು ಮೇಲೇರಿ, ಅದೇ ಬ್ಲೇಡಿನ ಇನ್ನೂ ಮುಟ್ಟದ ಹೊಸ ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಒಂದು ಬ್ಲೇಡು ಎರಡು ಬ್ಲೇಡಿನ ಕೆಲಸ ಮಾಡುತ್ತದೆ. ಬರಿಯ ಮೇಜಿನ ಮೇಲೆ ಕೊಯ್ಯುವಾಗಲೂ 1 ಮಿ.ಮೀ. ತೂತಿನ ತೆಳು ತುಂಡೊಂದನ್ನು ಟೇಪಿನಿಂದ ಅಂಟಿಸಿಕೊಳ್ಳುವುದನ್ನು ಮರೆಯಬೇಡಿ.

ಮರದ ಪುಡಿ ಊದುವ ಗಾಳಿಕೊಳವೆಯನ್ನು ಬ್ಲೇಡಿನಿಂದ ಬೇರೆ ಕಡೆಗೆ ತಿರುಗಿಸಿ ಅಥವಾ ಕಳಚಿಡಿ, ಅದು ಲೋಹದ ಪುಡಿಯನ್ನು ಮುಖಕ್ಕೆ ಹಾರಿಸುತ್ತದೆ. ಮರದ ಪುಡಿ ತುಂಬಿದ ಧೂಳುಚೀಲಕ್ಕೆ ಬಿಸಿ ಲೋಹದ ಪುಡಿ ಹೋಗದಂತೆ ನೋಡಿಕೊಳ್ಳಿ, ಅಲ್ಲಿ ಬೆಂಕಿಯ ಅಪಾಯವಿದೆ.

ಹಂತ 9: ಮೊದಲ ಕೊಯ್ತ

ಬೆಳ್ಳಿಯನ್ನು ಮುಟ್ಟುವ ಮೊದಲು 1 ಮಿ.ಮೀ. ಹಿತ್ತಾಳೆಯಲ್ಲಿ ಕೈ ಪಳಗಿಸಿಕೊಳ್ಳಿ. ಕಾಯಿಸಿ ಮೆತ್ತಗೆ ಮಾಡಿದ ತಾಮ್ರ ಹಲ್ಲಿಗೆ ಅಂಟುವುದರಿಂದ ಕಲಿಯಲು ಅದು ಒಳ್ಳೆಯದಲ್ಲ.

ಬ್ಲೇಡಿನ ಹಲ್ಲುಗಳು ಕೆಳಮುಖವಾಗಿ, ನಿಮ್ಮ ಕಡೆಗೆ ಇರಬೇಕು. ಇಷ್ಟು ಸಣ್ಣ ಹಲ್ಲು ಕಣ್ಣಿಗೆ ಕಾಣದು. ಬ್ಲೇಡಿನ ಮುಂಭಾಗಕ್ಕೆ ಬಟ್ಟೆಯ ಚೂರನ್ನು ತಾಗಿಸಿ ಕೆಳಗಿನಿಂದ ಮೇಲಕ್ಕೆ ಎಳೆದರೆ ಬಟ್ಟೆ ಸಿಕ್ಕಿಕೊಳ್ಳಬೇಕು, ಮೇಲಿನಿಂದ ಕೆಳಕ್ಕೆ ಎಳೆದರೆ ಜಾರಬೇಕು. ಮೇಜು ಬ್ಲೇಡಿಗೆ ಲಂಬವಾಗಿದೆಯೇ ಎಂದು ತಿಳಿಯಲು 20 ಮಿ.ಮೀ. ದಪ್ಪದ ಮರದ ತುಂಡಿನಲ್ಲಿ ಒಂದೆರಡು ಮಿ.ಮೀ. ಆಳದ ಗೀರು ಕೊಯ್ದು, ತುಂಡನ್ನು ಸುತ್ತಿಸಿ ಅದೇ ಗೀರನ್ನು ಬ್ಲೇಡಿನ ಬೆನ್ನಿಗೆ ತನ್ನಿ. ಬ್ಲೇಡು ಗೀರಿನೊಳಗೆ ತಾನಾಗಿ ಕೂತರೆ ಲಂಬವಾಗಿದೆ. ಕೂರದಿದ್ದರೆ ಮೇಜಿನ ಓರೆಯನ್ನು ಸರಿಪಡಿಸಿ. ಅಂಟಿಸಿದ ಮೂರು ತಗಡುಗಳನ್ನು ಒಟ್ಟಿಗೆ ಕೊಯ್ಯುವಾಗ ಈ ಪರೀಕ್ಷೆ ತಪ್ಪಿದರೆ ಮೇಲಿನ ಓಲೆಗೂ ಕೆಳಗಿನ ಓಲೆಗೂ ಅಳತೆ ಬೇರೆಯಾಗುತ್ತದೆ.

ವಿನ್ಯಾಸದ ಕಾಗದವನ್ನು ತಗಡಿಗೆ ಅಂಟಿಸಿ. ಒಳಗಂಡಿಗಳಿಗೆ ಸೆಂಟರ್ ಪಂಚಿನಿಂದ ಗುರುತು ಮಾಡಿ, 2/0 ಬ್ಲೇಡಿಗಾದರೆ 0.8 ರಿಂದ 1 ಮಿ.ಮೀ. ತೂತು ಕೊರೆಯಿರಿ. ತಗಡಿನ ಹಿಂಬದಿಯಲ್ಲಿ ತೂತಿನ ಸುತ್ತ ಎದ್ದ ಚೂಪಾದ ಅಂಚನ್ನು (ಬರ್) ಅರದಿಂದ ತೆಗೆಯಿರಿ, ಇಲ್ಲದಿದ್ದರೆ ತಗಡು ಮೇಜಿನ ಮೇಲೆ ಸಮನಾಗಿ ಜಾರುವುದಿಲ್ಲ. ಬ್ಲೇಡಿನ ಬೆನ್ನಿಗೂ ಬದಿಗೂ ಜೇನುಮೇಣವನ್ನು ತೆಳುವಾಗಿ ಸವರಿ. ಹಲ್ಲಿಗೆ ಮೆತ್ತಿದರೆ ಪುಡಿ ಅಲ್ಲೇ ಅಂಟಿ ಕೊಯ್ತ ನಿಲ್ಲುತ್ತದೆ. ಕೆಲವು ಸೆಂಟಿಮೀಟರ್ ಕೊಯ್ದ ಮೇಲೆ ಮತ್ತೆ ಸವರಬೇಕಾಗುತ್ತದೆ.

ಕನ್ನಡಕ ಧರಿಸಿ, ಮೂಗು ಬಾಯಿಗೆ ಮಾಸ್ಕ್ ಇರಲಿ, ಕೂದಲನ್ನು ಕಟ್ಟಿ, ಸಡಿಲ ತೋಳು, ಬಳೆ, ಉಂಗುರಗಳನ್ನು ತೆಗೆದಿಡಿ. ಕೈಗವಸು ಬೇಡ, ಅದರ ದಾರ ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ. ಎರಡು ಕೈಗಳ ಬೆರಳುಗಳಿಂದ ತಗಡನ್ನು ಮೇಜಿಗೆ ಒತ್ತಿ ಹಿಡಿದು, ಬೆರಳು ಬ್ಲೇಡಿನ ಎದುರು ಬಾರದಂತೆ ಬದಿಗಳಲ್ಲಿಟ್ಟು, ಬ್ಲೇಡು ತಿನ್ನುವಷ್ಟೇ ವೇಗದಲ್ಲಿ ತಗಡನ್ನು ಮುಂದೂಡಿ. ಬ್ಲೇಡು ಹಿಂದಕ್ಕೆ ಬಾಗುತ್ತಿದ್ದರೆ ನೀವು ಹೆಚ್ಚು ಒತ್ತುತ್ತಿದ್ದೀರಿ. ತಿರುವು ಬಂದಾಗ ಮುಂದೂಡುವುದನ್ನು ನಿಲ್ಲಿಸಿ, ಬ್ಲೇಡು ಅಲ್ಲೇ ಆಡುತ್ತಿರುವಂತೆ ತಗಡನ್ನಷ್ಟೇ ಅದರ ಸುತ್ತ ನಿಧಾನವಾಗಿ ತಿರುಗಿಸಿ. ಬ್ಲೇಡುಗಳು ಮುರಿಯುವುದು ಹೆಚ್ಚಾಗಿ ತಿರುವಿನಲ್ಲಿ ಮುಂದೂಡುತ್ತಲೇ ತಿರುಗಿಸುವುದರಿಂದ. ಗೆರೆಯ ಮೇಲೇ ಕೊಯ್ಯಬೇಡಿ, ಗೆರೆಯ ಹೊರಬದಿಯಲ್ಲಿ ಕೊಯ್ದು ಅರಕ್ಕೆ ಸ್ವಲ್ಪ ಉಳಿಸಿ.

ಬ್ಲೇಡು ಮುರಿದಾಗ ಗಾಬರಿಯಿಂದ ತಗಡನ್ನು ಎಳೆಯಬೇಡಿ. ಕೆಲವು ಯಂತ್ರಗಳಲ್ಲಿ ಮೇಲಿನ ತೋಳು ತಾನಾಗಿ ಮೇಲಕ್ಕೆ ಜಿಗಿದು ನಿಲ್ಲುತ್ತದೆ. ಇನ್ನು ಕೆಲವುಗಳಲ್ಲಿ ಮುರಿದ ಮೇಲ್ತುಂಡು ಸೂಜಿಯಂತೆ ತಗಡಿನ ಮೇಲೆ ಕುಟ್ಟುತ್ತಲೇ ಇರುತ್ತದೆ, ಬೆರಳು ಅಲ್ಲಿದ್ದರೆ ಚುಚ್ಚುತ್ತದೆ. ಕಾಲು ಸ್ವಿಚ್ಚಿನಿಂದ ಯಂತ್ರ ನಿಲ್ಲಿಸಿ, ಅದು ಪೂರ್ತಿ ನಿಂತ ಮೇಲೆ ಕೈಯನ್ನು ಸರಿಸಿ. ಬ್ಲೇಡುಗಳನ್ನು ಡಜನ್ನುಗಟ್ಟಲೆ ಮಾರುತ್ತಾರೆ, 144 ರ ಗ್ರೋಸ್ ಲೆಕ್ಕದಲ್ಲಿ ಕೊಂಡರೆ ಇನ್ನೂ ಅನುಕೂಲ. ಮೊದಲ ದಿನವೇ ಒಂದು ಡಜನ್ ಮುರಿದರೂ ಯಂತ್ರ ಕೆಟ್ಟದೆಂದು ತೀರ್ಮಾನಿಸಬೇಡಿ. ಮುರಿದ ಜಾಗವನ್ನು ಗಮನಿಸಿ: ಕ್ಲ್ಯಾಂಪಿನ ಬಾಯಲ್ಲೇ ಮುರಿದರೆ ಬ್ಲೇಡು ಓರೆಯಾಗಿ ಕೂತಿದೆ, ನಡುವೆ ಮುರಿದರೆ ವೇಗ ಅಥವಾ ಒತ್ತಡ ಹೆಚ್ಚಾಗಿದೆ, ಹಲ್ಲು ಬೋಳಾಗಿ ಮುರಿದರೆ ಅದರ ಆಯುಷ್ಯ ಮುಗಿದಿತ್ತು.

ಬೆಳ್ಳಿ ಅಥವಾ ಚಿನ್ನ ಕೊಯ್ಯುವ ದಿನ ಯಂತ್ರವನ್ನು ಮೊದಲು ಪೂರ್ತಿ ಗುಡಿಸಿ, ಮೇಜಿನ ಕೆಳಗೆ ಸ್ವಚ್ಛವಾದ ಕಾಗದದ ತಟ್ಟೆ ಇಡಿ. ಕೆಲಸ ಮುಗಿದ ಮೇಲೆ ಕುಂಚದಿಂದ ಪುಡಿಯನ್ನೆಲ್ಲ ಅದಕ್ಕೆ ಗುಡಿಸಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಪುಡಿಯ ಮೇಲೆ ಎರಡು ಮೂರು ಬಾರಿ ಆಡಿಸಿ. ಬ್ಲೇಡಿನ ಚೂರುಗಳು ಕಾಗದಕ್ಕೆ ಅಂಟಿಕೊಂಡು ಬರುತ್ತವೆ. ಉಳಿದ ಪುಡಿಯನ್ನು ಲೋಹದ ಹೆಸರು ಬರೆದ ಡಬ್ಬಿಗೆ ಹಾಕಿ, ಬ್ಲೇಡಿನ ಬಿಗಿಯನ್ನು ಸಡಿಲಿಸಿ, ಪ್ಲಗ್ ತೆಗೆಯಿರಿ.